ಕುದುರೆಮುಖದ ಕಾಲುದಾರಿಗಳು: ಶಕ್ತಿಗೆ ತಕ್ಕ ಆಯ್ಕೆ

ವ್ಯಾಪಾರಸ್ಥರ ಬದುಕು ಕುಳಿತಲ್ಲೇ ಕಳೆಯುವ ಬದುಕು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದವರು ರಾತ್ರಿ ಗಲ್ಲಾಪೆಟ್ಟಿಗೆಯ ಲೆಕ್ಕ ಮುಗಿಸುವವರೆಗೆ ಕುರ್ಚಿ ಬಿಟ್ಟು ಏಳುವುದು ಕಡಿಮೆ. ಸಣ್ಣ ಕೈಗಾರಿಕೆಗಳ ಮಾಲೀಕರು ಯಂತ್ರಗಳ ನಡುವೆ ಓಡಾಡುತ್ತಾರೆಯಾದರೂ ಆ ಓಡಾಟ ನಾಲ್ಕು ಗೋಡೆಗಳನ್ನು ದಾಟುವುದಿಲ್ಲ. ಯಂತ್ರಕ್ಕೆ ವರ್ಷಕ್ಕಿಷ್ಟು ಎಂದು ಸವಕಳಿ ಕಟ್ಟುವ ನಾವು ನಮ್ಮ ದೇಹದ ಸವಕಳಿಯನ್ನು ಯಾವ ಪುಸ್ತಕದಲ್ಲಿಯೂ ಬರೆದಿಡುವುದಿಲ್ಲ. ವರ್ಷಕ್ಕೊಮ್ಮೆ ಕುಟುಂಬ ಸಮೇತ ಹೊರನಾಡು, ಕಳಸ, ಶೃಂಗೇರಿ ಕ್ಷೇತ್ರಗಳಿಗೆ ಹೋಗಿ ಬರುವುದು ನಮ್ಮಲ್ಲಿ ಅನೇಕರ ವಾಡಿಕೆ. ಆ ಯಾತ್ರೆಯಲ್ಲಿ ನಮ್ಮ ವಾಹನವು ರಾಜ್ಯದ ಅತಿ ಸುಂದರ ಪರ್ವತ ಪ್ರದೇಶಗಳಲ್ಲೊಂದಾದ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಹಾದುಹೋಗುತ್ತದೆ. ಕಿಟಕಿಯ ಗಾಜಿನಾಚೆ ಹಸಿರು ಬೆಟ್ಟಗಳನ್ನು ಕಂಡು ಸಂತೋಷಪಡುವವರು ಬಹಳ. ಇಳಿದು ನಾಲ್ಕು ಹೆಜ್ಜೆ ನಡೆದವರು ವಿರಳ.

ಚಾರಣವೆಂದರೆ ಅದು ಕಾಲೇಜು ಹುಡುಗರ ಸಾಹಸ, ಐವತ್ತು ದಾಟಿದವರಿಗೆ ತಕ್ಕುದಲ್ಲ ಎಂಬ ಭಾವನೆಯೇ ಇದಕ್ಕೆ ಮುಖ್ಯ ಕಾರಣ. ಈ ಭಾವನೆ ಸರಿಯಲ್ಲ. ಕುದುರೆಮುಖದಲ್ಲಿ ಮೊಣಕಾಲು ನೋವಿರುವ ಅಜ್ಜಿಗೂ ತಕ್ಕ ತಾಣವಿದೆ, ಹತ್ತು ವರ್ಷದ ಬಾಲಕನಿಗೂ ತಕ್ಕ ದಾರಿಯಿದೆ, ಇಪ್ಪತ್ತು ಕಿಲೋಮೀಟರು ನಡೆಯಬಲ್ಲ ಗಟ್ಟಿಗನಿಗೂ ತಕ್ಕ ಶಿಖರವಿದೆ. ಯಾರಿಗೆ ಯಾವುದು ಎಂಬುದನ್ನು ಮೊದಲೇ ತೂಗಿ ನೋಡಿ ಹೊರಡುವುದು ಮುಖ್ಯ. ಈ ದಾರಿಗಳಲ್ಲಿ ಹಲವು ವರ್ಷಗಳಿಂದ ಬಿಡುವಾದಾಗಲೆಲ್ಲ ನಡೆದ ಅನುಭವದ ಆಧಾರದ ಮೇಲೆ ಅವುಗಳನ್ನು ಸುಲಭದಿಂದ ಕಠಿಣದವರೆಗೆ ಕ್ರಮವಾಗಿ ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉದ್ಯಾನದ ಪರಿಚಯ

ಕುದುರೆಮುಖ ರಾಷ್ಟ್ರೀಯ ಉದ್ಯಾನವು ಚಿಕ್ಕಮಗಳೂರು, ಉಡುಪಿ ಹಾಗೂ ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿದ್ದು, ಇದರ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರು. ಒಂದು ಬದಿಯಿಂದ ನೋಡಿದಾಗ ಕುದುರೆಯ ಮುಖದಂತೆ ಕಾಣುವ ಶಿಖರದಿಂದ ಈ ಹೆಸರು ಬಂದಿದೆ. ಹಿಂದೆ ಸಂಸೆ ಗ್ರಾಮದ ಕಡೆಯಿಂದ ಹತ್ತುತ್ತಿದ್ದುದರಿಂದ ಇದನ್ನು ಸಂಸೆ ಪರ್ವತವೆಂದೂ ಕರೆಯುತ್ತಿದ್ದರು. ಶಿಖರದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,890 ಮೀಟರು. ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗಿಂತ ಸುಮಾರು 40 ಮೀಟರು ಮಾತ್ರ ಕಡಿಮೆ.

1980ರ ದಶಕದಲ್ಲಿ ವನ್ಯಜೀವಿ ತಜ್ಞ ಡಾ. ಉಲ್ಲಾಸ ಕಾರಂತರು ಇಲ್ಲಿನ ಸಿಂಗಳೀಕಗಳ ಸಮೀಕ್ಷೆ ನಡೆಸಿ, ಆ ಅಪರೂಪದ ಕೋತಿಗಳ ಉಳಿವಿಗೆ ಈ ಕಾಡು ಅತ್ಯಗತ್ಯವೆಂದು ತೋರಿಸಿಕೊಟ್ಟರು. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಪ್ರಾಥಮಿಕ ಅಧಿಸೂಚನೆಯೂ 2001ರಲ್ಲಿ ಅಂತಿಮ ಅಧಿಸೂಚನೆಯೂ ಹೊರಬಿದ್ದವು. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅವುಗಳಲ್ಲಿ ಒಂದಾಯಿತು.

ಇಲ್ಲಿನ ಭೂದೃಶ್ಯದ ವಿಶೇಷವೆಂದರೆ ಶೋಲಾ ಕಾಡು ಮತ್ತು ಹುಲ್ಲುಗಾವಲು ಒಂದರ ಪಕ್ಕ ಒಂದು ಇರುವುದು. ಬೆಟ್ಟದ ಮೈಮೇಲೆ ಹುಲ್ಲು, ಮಡಿಕೆಗಳಲ್ಲಿ ದಟ್ಟವಾದ ಕುಳ್ಳ ಕಾಡು. ಮಳೆಗಾಲದಲ್ಲಿ ಧಾರಾಕಾರವಾಗಿ ಸುರಿಯುವ ನೀರನ್ನು ಹುಲ್ಲಿನ ಬೇರುಗಳೂ ಕಾಡಿನ ತರಗೆಲೆಯ ಹಾಸೂ ಹೀರಿಟ್ಟುಕೊಂಡು, ಬೇಸಿಗೆಯಲ್ಲಿ ಸಣ್ಣ ತೊರೆಗಳ ಮೂಲಕ ಮೆಲ್ಲನೆ ಬಿಟ್ಟುಕೊಡುತ್ತವೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಮೀಸಲು ನಿಧಿ. ತುಂಗಾ ಮತ್ತು ಭದ್ರಾ ನದಿಗಳು ಇಲ್ಲಿನ ಗಂಗಾಮೂಲದಲ್ಲಿ ಹುಟ್ಟುತ್ತವೆ; ನೇತ್ರಾವತಿಯ ಮೂಲವೂ ಇದೇ ಬೆಟ್ಟಸಾಲಿನಲ್ಲಿದೆ. ಭದ್ರೆಯ ನೀರು ಲಕ್ಕವಳ್ಳಿಯ ಜಲಾಶಯದಿಂದ ದಾವಣಗೆರೆ ಸೀಮೆಯ ಗದ್ದೆ ತೋಟಗಳಿಗೆ ಹರಿಯುತ್ತದೆ. ನೇತ್ರಾವತಿಯ ನೀರು ತುಂಬೆಯ ಅಣೆಕಟ್ಟಿನಿಂದ ಮಂಗಳೂರು ನಗರದ ನಲ್ಲಿಗಳಿಗೆ ಬರುತ್ತದೆ. 2019 ಹಾಗೂ 2023ರ ಬೇಸಿಗೆಗಳಲ್ಲಿ ಆ ನಗರದಲ್ಲಿ ನೀರನ್ನು ಪಡಿತರದಂತೆ ಹಂಚಬೇಕಾಗಿ ಬಂದುದು ಅಲ್ಲಿನ ವರ್ತಕರಿಗೆ ನೆನಪಿರಬಹುದು. ಅಕ್ಕಿ ಗಿರಣಿಯವರಿಗೂ ಹೋಟೆಲು ಉದ್ಯಮಿಗಳಿಗೂ ಈ ಬೆಟ್ಟಗಳು ಬರಿಯ ನೋಟದ ವಸ್ತುವಲ್ಲ.

ಗಣಿಯ ಕಥೆ

ನಮ್ಮ ಪತ್ರಿಕೆಯ ಓದುಗರಿಗೆ ಕುದುರೆಮುಖವೆಂದೊಡನೆ ನೆನಪಾಗುವುದು ಕಬ್ಬಿಣದ ಅದಿರು. ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು 1976ರಲ್ಲಿ ಸ್ಥಾಪನೆಯಾಯಿತು. ಇರಾನ್ ದೇಶದ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಒದಗಿಸುವುದು ಮೂಲ ಯೋಜನೆಯಾಗಿದ್ದು, ಆ ದೇಶವೇ ಹಣ ಹೂಡುವುದೆಂದು ಒಪ್ಪಂದವಾಗಿತ್ತು. 1979ರ ಕ್ರಾಂತಿಯ ಬಳಿಕ ಇರಾನ್ ಹಿಂದೆ ಸರಿದುದರಿಂದ ಕಂಪನಿಯು ಬೇರೆ ಗಿರಾಕಿಗಳನ್ನು ಹುಡುಕಿಕೊಳ್ಳಬೇಕಾಯಿತು. ಒಬ್ಬನೇ ಗಿರಾಕಿಯನ್ನು ನಂಬಿ ಘಟಕ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಇದು ದೊಡ್ಡ ಉದಾಹರಣೆ. ಅದಿರಿನ ಸಾರವನ್ನು ನೀರಿನೊಡನೆ ಬೆರೆಸಿ 67 ಕಿಲೋಮೀಟರು ಉದ್ದದ ಕೊಳವೆಯ ಮೂಲಕ ಘಟ್ಟದಿಂದ ಮಂಗಳೂರಿನ ಬಂದರಿಗೆ ಇಳಿಸುತ್ತಿದ್ದರು. ಅದಿರು ತೆಗೆದು ಉಳಿದ ಹೂಳನ್ನು ತಡೆಹಿಡಿಯಲು ಲಕ್ಯಾ ಹೊಳೆಗೆ ಎತ್ತರವಾದ ಅಣೆಕಟ್ಟೆ ಕಟ್ಟಲಾಯಿತು.

ಗಣಿಯಿಂದ ಉದ್ಯೋಗವೂ ವಿದೇಶಿ ವಿನಿಮಯವೂ ಬಂದುದು ನಿಜ. ಗಣಿಯ ಹೂಳು ಭದ್ರೆಯ ಒಡಲು ಸೇರುತ್ತಿದೆ, ಮಳೆಕಾಡು ಛಿದ್ರವಾಗುತ್ತಿದೆ ಎಂಬ ಆಕ್ಷೇಪಗಳೂ ಅಷ್ಟೇ ಬಲವಾಗಿದ್ದವು. ಗಣಿ ಗುತ್ತಿಗೆಯ ಅವಧಿ 1999ರಲ್ಲಿ ಮುಗಿದಾಗ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. 2002ರ ಅಕ್ಟೋಬರ್ 30ರ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತುಹೋಯಿತು. ಗಣಿಗಾಗಿಯೇ ಕಟ್ಟಿದ ಕುದುರೆಮುಖ ಪಟ್ಟಣದಲ್ಲಿ ಇಂದು ಖಾಲಿ ವಸತಿಗೃಹಗಳ ಸಾಲು ಸಾಲೇ ಇದೆ. ಪಟ್ಟಣದ ಸುತ್ತಲಿನ ದಿಣ್ಣೆಗಳನ್ನೇರಿದವರಿಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗಣಿಯ ಬೆಟ್ಟವೂ, ಅದರ ಪಕ್ಕದಲ್ಲೇ ಎಂದಿನಂತೆ ನಿಂತಿರುವ ಶೋಲಾ ಕಾಡೂ ಒಂದೇ ನೋಟದಲ್ಲಿ ಕಾಣುತ್ತವೆ. ಬಂಡವಾಳವನ್ನು ಕರಗಿಸಿ ಪಡೆದ ಆದಾಯಕ್ಕೂ ಬಂಡವಾಳವನ್ನು ಉಳಿಸಿಕೊಂಡು ಪಡೆಯುವ ಆದಾಯಕ್ಕೂ ಇರುವ ವ್ಯತ್ಯಾಸವನ್ನು ಯಾವ ಪಠ್ಯಪುಸ್ತಕವೂ ಇಷ್ಟು ಸ್ಪಷ್ಟವಾಗಿ ತೋರಿಸಲಾರದು.

ಶಕ್ತಿಯನ್ನು ಅಳೆಯುವ ಬಗೆ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಚಾರಣಿಗರಿಗೆ ಅಕ್ಷರಶಃ ಅನ್ವಯಿಸುತ್ತದೆ. ಆದುದರಿಂದ ಹೊರಡುವ ಮೊದಲು ಅಂದಾಜು ಪಟ್ಟಿಯೊಂದನ್ನು ತಯಾರಿಸಿಕೊಳ್ಳುವುದು ಒಳಿತು. ಇದಕ್ಕೆ ಹಳೆಯದಾದರೂ ಉಪಯುಕ್ತವಾದ ಸೂತ್ರವೊಂದಿದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಎಂಬುವರು ರೂಪಿಸಿದ ಈ ಸೂತ್ರದ ಪ್ರಕಾರ ಪ್ರತಿ 5 ಕಿಲೋಮೀಟರು ನಡಿಗೆಗೆ ಒಂದು ಗಂಟೆ, ಮತ್ತು ಪ್ರತಿ 600 ಮೀಟರು ಏರಿಗೆ ಹೆಚ್ಚುವರಿಯಾಗಿ ಒಂದು ಗಂಟೆ ಲೆಕ್ಕ ಹಿಡಿಯಬೇಕು. ಇದು ದೇಹ ಪಳಗಿದವರ ಲೆಕ್ಕ. ನಮ್ಮಂಥವರು ಬಂದ ಮೊತ್ತಕ್ಕೆ ಅರ್ಧದಷ್ಟು ಸೇರಿಸಿಕೊಳ್ಳುವುದು ಕ್ಷೇಮ.

ಉದಾಹರಣೆಗೆ ಕುದುರೆಮುಖ ಶಿಖರವನ್ನೇ ತೆಗೆದುಕೊಳ್ಳೋಣ. ಹೋಗಿ ಬರುವ ದೂರ 20 ಕಿಲೋಮೀಟರು, ಏರು 900 ಮೀಟರು ಎಂದು ಇಟ್ಟುಕೊಂಡರೆ ನಡಿಗೆಗೆ 4 ಗಂಟೆ, ಏರಿಗೆ ಒಂದೂವರೆ ಗಂಟೆ, ಒಟ್ಟು ಐದೂವರೆ ಗಂಟೆ. ಅದಕ್ಕೆ ಅರ್ಧ ಸೇರಿಸಿದರೆ ಎಂಟೂಕಾಲು ಗಂಟೆ. ಊಟ ವಿಶ್ರಾಂತಿಗೆ ಒಂದು ಗಂಟೆ ಸೇರಿಸಿದರೆ ಒಂಬತ್ತೂಕಾಲು ಗಂಟೆ. ಬೆಳಿಗ್ಗೆ ಆರೂವರೆಗೆ ಹೊರಟವರು ಮಧ್ಯಾಹ್ನ ಮೂರೂಮುಕ್ಕಾಲಕ್ಕೆ ಮರಳುತ್ತಾರೆ. ಒಂಬತ್ತಕ್ಕೆ ಹೊರಟವರು ಮರಳುವಾಗ ಸಂಜೆ ಆರೂಕಾಲು. ಡಿಸೆಂಬರಿನಲ್ಲಿ ಅಷ್ಟು ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ತಿಂಡಿ ಮುಗಿಸಿ ನಿಧಾನವಾಗಿ ಹೊರಡೋಣ ಎಂಬ ಎರಡೂವರೆ ಗಂಟೆಯ ಸಡಿಲಿಕೆ ಕತ್ತಲಲ್ಲಿ ಕಾಡಿನ ನಡುವೆ ನಿಲ್ಲಿಸಿಬಿಡಬಲ್ಲದು.

ದೇಹಬಲದ ಪರೀಕ್ಷೆಯನ್ನು ಊರಿನಲ್ಲೇ ಮಾಡಿಕೊಳ್ಳಬಹುದು. ಮಾತನಾಡುತ್ತ, ಏದುಸಿರು ಬಿಡದೆ ಒಂದೇ ಸಮನೆ ಐದು ಕಿಲೋಮೀಟರು ನಡೆಯಬಲ್ಲವರು ಎರಡನೆಯ ದರ್ಜೆಯ ದಾರಿಗಳಿಗೆ ಯೋಗ್ಯರು. ರಜಾ ದಿನಗಳಲ್ಲಿ ಹತ್ತು ಕಿಲೋಮೀಟರು ನಡೆದು, ಮರುದಿನ ಎಂದಿನಂತೆ ಕೆಲಸಕ್ಕೆ ಹೋಗಬಲ್ಲವರು ಮೂರನೆಯ ದರ್ಜೆಗೆ ಸಿದ್ಧರು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕಾಣದೆ ಯಾವ ಏರನ್ನೂ ಏರಬಾರದು. ಶಿಖರದ ದಾರಿಯಲ್ಲಿ ಎದೆನೋವು ಬಂದರೆ ಆಸ್ಪತ್ರೆ ಬಹಳ ದೂರ. ಅದಕ್ಕೂ ಮೊದಲು ವಾಹನ ಬರುವ ದಾರಿಗೆ ಹೊತ್ತು ತರಬೇಕು.

ಮೊದಲನೆಯ ದರ್ಜೆ: ನಡಿಗೆ ಬೇಡವೆನ್ನುವವರಿಗೆ

ಕಾರ್ಕಳದ ಕಡೆಯಿಂದ ಘಟ್ಟವೇರಿ ಕುದುರೆಮುಖಕ್ಕೆ ಹೋಗುವ ರಸ್ತೆಯ ಬದಿಯಲ್ಲೇ ಕಡಾಂಬಿ ಜಲಪಾತವಿದೆ. ಎತ್ತರ ಸುಮಾರು 30 ಅಡಿಗಳಷ್ಟೇ ಆದರೂ ಕಾಡಿನ ನೆರಳಿನಲ್ಲಿ ಬಂಡೆಯ ಮೇಲಿಂದ ಬೀಳುವ ನೀರು ಮನಸ್ಸಿಗೆ ತಂಪು ನೀಡುತ್ತದೆ. ನಡೆಯಲಾರದ ಹಿರಿಯರು ವಾಹನದಿಂದಲೇ ಇದನ್ನು ಕಾಣಬಹುದು.

ಅದೇ ರಸ್ತೆಯಲ್ಲಿರುವ ಹನುಮನಗುಂಡಿ ಜಲಪಾತಕ್ಕೆ ಸೂತನಬ್ಬಿ ಎಂಬ ಹೆಸರೂ ಉಂಟು. ಅರಣ್ಯ ಇಲಾಖೆಗೆ ಪ್ರವೇಶ ಶುಲ್ಕ ತೆತ್ತು, ಕಾಡಿನ ನಡುವಿನ ಮೆಟ್ಟಿಲುಗಳನ್ನಿಳಿದರೆ ಜಲಪಾತದ ಬುಡ ಸಿಗುತ್ತದೆ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸಾಮಾನ್ಯವಾಗಿ ಬೆಟ್ಟದಲ್ಲಿ ಮೊದಲು ಕಷ್ಟ, ಆಮೇಲೆ ಸುಖ. ಹನುಮನಗುಂಡಿಯಲ್ಲಿ ಮೊದಲು ಸುಖ, ಆಮೇಲೆ ಕಷ್ಟ. ಇಳಿದ ಮೆಟ್ಟಿಲುಗಳನ್ನೆಲ್ಲ ಹತ್ತಲೇಬೇಕು. ಮೊಣಕಾಲಿನ ತೊಂದರೆಯವರು ಅರ್ಧ ದಾರಿಯಲ್ಲೇ ಕುಳಿತು ಹಕ್ಕಿಗಳ ಕೂಗು ಕೇಳುವುದು ಜಾಣತನ. ಮಳೆಗಾಲದಲ್ಲಿ ಬಂಡೆಗಳು ಪಾಚಿಗಟ್ಟಿ ಜಾರುವುದರಿಂದ ನೀರಿಗಿಳಿಯುವ ಆಸೆ ಬಿಡುವುದು ಒಳ್ಳೆಯದು.

ಎರಡನೆಯ ದರ್ಜೆ: ಅರ್ಧ ದಿನದ ನಡಿಗೆ

ಮೊದಲ ಬಾರಿಗೆ ಬೆಟ್ಟವೇರುವ ಗೃಹಸ್ಥರಿಗೆ ಕುರಿಂಜಾಲು ಶಿಖರವನ್ನು ಯಾವ ಸಂಕೋಚವೂ ಇಲ್ಲದೆ ಶಿಫಾರಸು ಮಾಡಬಹುದು. ಭದ್ರೆಯ ದಡದಲ್ಲಿರುವ ಭಗವತಿ ಪ್ರಕೃತಿ ಶಿಬಿರದ ಬಳಿಯಿಂದ ಹೊರಡುವ ಈ ದಾರಿ ಹೋಗಿ ಬರಲು 12ರಿಂದ 14 ಕಿಲೋಮೀಟರು. ದಾರಿಯ ಬಹುಭಾಗ ಹಳೆಯ ಜೀಪು ರಸ್ತೆಯಾದುದರಿಂದ ಇಬ್ಬರು ಜೊತೆಜೊತೆಯಾಗಿ ಮಾತನಾಡುತ್ತ ನಡೆಯಬಹುದು. ಏರು ಮೆಲ್ಲನೆಯದು, ಮರಗಳ ನೆರಳು ಧಾರಾಳ. ತುದಿಯ ಸಮೀಪ ಮಾತ್ರ ಬಂಡೆಗಳ ನಡುವೆ ಕೊಂಚ ಕಡಿದಾದ ಏರು. ಮೇಲೆ ಪಾಳುಬಿದ್ದ ಕಟ್ಟಡವೊಂದಿದ್ದು, ಅಲ್ಲಿಂದ ಸುತ್ತಲೂ ಹುಲ್ಲಿನ ಬೆಟ್ಟಗಳ ಅಲೆಗಳು ಕಾಣುತ್ತವೆ. ಶ್ರಮ ಮತ್ತು ಪ್ರತಿಫಲಗಳನ್ನು ತಕ್ಕಡಿಗಿಟ್ಟರೆ ಉದ್ಯಾನದ ಎಲ್ಲ ದಾರಿಗಳಲ್ಲಿ ಇದಕ್ಕೇ ಮೊದಲ ಸ್ಥಾನ ಎಂಬುದು ನನ್ನ ಅಭಿಪ್ರಾಯ.

ಕುದುರೆಮುಖ ಪಟ್ಟಣದ ಸಮೀಪದ ಗಂಗಡಿಕಲ್ಲು ಇದೇ ದರ್ಜೆಯ ಇನ್ನೊಂದು ಶಿಖರ. ದೂರ ಕುರಿಂಜಾಲಿಗಿಂತ ಕಡಿಮೆ. ಆದರೆ ಎತ್ತರ ಹೆಚ್ಚು, ಏರು ಕಡಿದು, ನೆರಳು ವಿರಳ. ಬಿಸಿಲೇರುವ ಮೊದಲೇ ಹೊರಟು ಹತ್ತು ಗಂಟೆಯೊಳಗೆ ಮೇಲಿರುವುದು ಒಳ್ಳೆಯದು. ಶೋಲಾ ಕಾಡು ಹುಲ್ಲುಗಾವಲುಗಳ ಜೋಡಣೆಯನ್ನು ಅಂಗೈ ಮೇಲಿನ ನಕ್ಷೆಯಂತೆ ನೋಡಬೇಕೆನ್ನುವವರಿಗೆ ಇದು ತಕ್ಕ ಸ್ಥಳ.

ಮೂರನೆಯ ದರ್ಜೆ: ಪಳಗಿದ ಕಾಲುಗಳಿಗೆ

ಶೃಂಗೇರಿ ಸಮೀಪದ ಕಿಗ್ಗ ಗ್ರಾಮವು ಋಷ್ಯಶೃಂಗೇಶ್ವರ ದೇವಾಲಯಕ್ಕೆ ಹೆಸರಾದುದು. ಮಳೆ ಬಾರದಾಗ ಮಳೆಗಾಗಿ, ಅತಿಯಾದಾಗ ಅದು ನಿಲ್ಲಲೆಂದು ಇಲ್ಲಿ ಪೂಜೆ ಸಲ್ಲಿಸುವ ಸಂಪ್ರದಾಯವಿದೆ. ಈ ಕಿಗ್ಗದಿಂದ ನರಸಿಂಹ ಪರ್ವತಕ್ಕೆ ದಾರಿಯಿದೆ. ಆಗುಂಬೆ ಸೀಮೆಯ ಬೆಟ್ಟಗಳಲ್ಲಿ ಇದು ಅತಿ ಎತ್ತರದ್ದು. ಸುಮಾರು 1,150 ಮೀಟರು. ಸಂಖ್ಯೆಯಲ್ಲಿ ಇದು ಗಂಗಡಿಕಲ್ಲಿಗಿಂತ ತಗ್ಗು. ಆದರೆ ಏರು ಬಿಡುವಿಲ್ಲದ್ದು, ಕಾಡು ದಟ್ಟವಾದದ್ದು, ಮಳೆಗಾಲದಲ್ಲಿ ಇಂಬಳಗಳ ಕಾಟ ವಿಪರೀತ. ಎತ್ತರದ ಅಂಕಿಯೊಂದನ್ನೇ ನೋಡಿ ದಾರಿಯ ಕಷ್ಟವನ್ನು ಅಳೆಯಬಾರದು ಎಂಬುದಕ್ಕೆ ಇದೇ ನಿದರ್ಶನ. ಕುಟುಂಬದ ಹಿರಿಯರು ಶೃಂಗೇರಿಯ ದರ್ಶನ ಮುಗಿಸಿ ಕಿಗ್ಗದ ಸಮೀಪದ ಸಿರಿಮನೆ ಜಲಪಾತವನ್ನು ನೋಡಿ ಬರುವಷ್ಟರಲ್ಲಿ ಕಿರಿಯರು ಪರ್ವತವಿಳಿದು ಬರಬಹುದು.

ಸಂಸೆಯ ಕಡೆಯಿಂದ ಏರುವ ನೇತ್ರಾವತಿ ಶಿಖರ ಸುಮಾರು 1,500 ಮೀಟರು ಎತ್ತರದ್ದು. ಹೋಗಿ ಬರಲು 13ರಿಂದ 15 ಕಿಲೋಮೀಟರು. ತೊರೆ, ಕಾಡು, ಹುಲ್ಲುಗಾವಲು ಇವು ಒಂದಾದ ಮೇಲೊಂದು ಬರುವುದರಿಂದ ದಾರಿ ಬೇಸರ ತರುವುದಿಲ್ಲ. ಕೊನೆಯ ಏರು ಕಡಿದಾದುದು. ತುದಿಯಲ್ಲಿ ಘಟ್ಟದ ಗೋಡೆ ಪಶ್ಚಿಮದ ಕಡೆಗೆ ಒಮ್ಮೆಲೇ ಕುಸಿದು ಕೆಳಗೆ ಕರಾವಳಿ ತೆರೆದುಕೊಳ್ಳುತ್ತದೆ. ಮಂಜು ಕವಿದಾಗ ಅಂಚು ಎಲ್ಲಿದೆಯೆಂದು ತಿಳಿಯುವುದಿಲ್ಲ. ಛಾಯಾಚಿತ್ರದ ಹಂಬಲದಲ್ಲಿ ಹಿಂದಕ್ಕೆ ಹೆಜ್ಜೆ ಇಡುವವರು ಇದನ್ನು ನೆನಪಿಡಬೇಕು.

ನಾಲ್ಕನೆಯ ದರ್ಜೆ: ಕುದುರೆಮುಖ ಶಿಖರ

ಸಂಸೆಯ ಸಮೀಪದ ಬಾಳೆಗಲ್‌ನಿಂದ ಒರಟು ದಾರಿಯಲ್ಲಿ ಜೀಪಿನಲ್ಲಿ ಮುಳ್ಳೋಡಿ ತಲುಪಿ, ಅಲ್ಲಿಂದ ಅಧಿಕೃತ ಮಾರ್ಗದರ್ಶಿಯೊಡನೆ ಶಿಖರದ ನಡಿಗೆ ಆರಂಭವಾಗುತ್ತದೆ. ಹೋಗಿ ಬರುವ ದೂರ ಸುಮಾರು 20 ಕಿಲೋಮೀಟರು. ಹಲವು ತೊರೆಗಳನ್ನು ದಾಟಬೇಕು. ಮೊದಲ ಹಂತದಲ್ಲಿ ಒಂಟಿಮರವೆಂದು ಹೆಸರಾದ ಜಾಗ ಬರುತ್ತದೆ. ಬೋಳು ಹುಲ್ಲುಗಾವಲಿನಲ್ಲಿ ಒಂಟಿಯಾಗಿ ನಿಂತ ಮರದ ಬಳಿಯಿಂದ ಕುದುರೆಯ ಮುಖ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ಪ್ರತಿಯೊಬ್ಬರೂ ತಮ್ಮ ಉಸಿರನ್ನೂ ಮೊಣಕಾಲನ್ನೂ ಗಡಿಯಾರವನ್ನೂ ಪರಿಶೀಲಿಸಿಕೊಳ್ಳಬೇಕು. ಇಷ್ಟಕ್ಕೇ ಸುಸ್ತಾದವರು ಇಲ್ಲಿಂದಲೇ ಹಿಂತಿರುಗಿದರೆ ಅದು ಸೋಲಲ್ಲ. ಒಂಟಿಮರದವರೆಗಿನ ನಡಿಗೆಯೇ ಎರಡನೆಯ ದರ್ಜೆಯ ಒಂದು ಸೊಗಸಾದ ಚಾರಣ.

ಮುಂದೆ ಬೆಟ್ಟದ ಏಣಿನ ಮೇಲೆ ಏರಿಳಿತದ ದೀರ್ಘ ದಾರಿ. ನೆರಳಿಲ್ಲದ ಹುಲ್ಲುಗಾವಲಿನಲ್ಲಿ ಗಾಳಿ ಬೀಸುವುದರಿಂದ ಬಿಸಿಲಿನ ತಾಪ ತಿಳಿಯದೇ ಹೋಗಿ, ದೇಹದ ನೀರು ಬತ್ತುತ್ತದೆ. ಕೊನೆಯ ಏರಿನ ಬಳಿಕ, ಶಿಖರಕ್ಕೆ ಸ್ವಲ್ಪ ಮೊದಲು ಹಳೆಯ ಚರ್ಚೊಂದರ ಪಾಳುಗೋಡೆಗಳು ಕಾಣುತ್ತವೆ. ತುದಿಯಲ್ಲಿ ಆಕಾಶ ನಿರ್ಮಲವಾಗಿದ್ದರೆ ಪಶ್ಚಿಮಕ್ಕೆ ಕರಾವಳಿಯ ಬಯಲು, ಪೂರ್ವಕ್ಕೆ ಮಲೆನಾಡಿನ ಸಾಲುಗಳು ಕಾಣುತ್ತವೆ. ಎಷ್ಟೋ ದಿನ ಮಂಜಿನ ಹೊರತು ಏನೂ ಕಾಣುವುದಿಲ್ಲ. ಅದಕ್ಕೂ ಸಿದ್ಧರಾಗಿಯೇ ಹೋಗಬೇಕು.

ಪರವಾನಗಿ, ಋತು ಮತ್ತು ಸಿದ್ಧತೆ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ನೂಕುನುಗ್ಗಲಾದ ಚಿತ್ರಗಳು ಎಲ್ಲೆಡೆ ಹರಿದಾಡಿದುದು ಓದುಗರ ನೆನಪಿನಲ್ಲಿರಬಹುದು. ಆ ಬಳಿಕ ಅರಣ್ಯ ಇಲಾಖೆಯು ಆನ್‌ಲೈನ್ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಅರಣ್ಯ ವಿಹಾರ ಎಂಬ ಜಾಲತಾಣವೂ ಆರಂಭವಾಯಿತು. ಕುದುರೆಮುಖ ಶಿಖರಕ್ಕೆ ದಿನಕ್ಕೆ 300 ಜನರ ಮಿತಿಯನ್ನು ಗೊತ್ತುಪಡಿಸಲಾಯಿತು. ಹೊರಡುವ ಮೊದಲು ಆಯಾ ದಾರಿ ತೆರೆದಿದೆಯೇ, ಶುಲ್ಕವೆಷ್ಟು, ಯಾವ ಗುರುತಿನ ಚೀಟಿ ಬೇಕು ಎಂಬುದನ್ನು ಜಾಲತಾಣದಲ್ಲೇ ನೋಡಿಕೊಳ್ಳಬೇಕು. ಶಿಖರಗಳಲ್ಲಿ ರಾತ್ರಿ ತಂಗುವಂತಿಲ್ಲ. ಬೆಂಕಿ, ಮದ್ಯ, ಬಿಸಾಡುವ ಪ್ಲಾಸ್ಟಿಕ್ಕಿಗೆ ಅವಕಾಶವಿಲ್ಲ.

ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಕಾಡ್ಗಿಚ್ಚಿನ ಭಯವಿರುವುದರಿಂದ ದಾರಿಗಳನ್ನು ಮುಚ್ಚುವುದು ವಾಡಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಟ್ಟ ಅತ್ಯಂತ ಹಸಿರಾಗಿದ್ದರೂ ಮಳೆ, ಇಂಬಳ, ಉಕ್ಕುವ ತೊರೆಗಳು ಹೊಸಬರಿಗೆ ತಕ್ಕುವಲ್ಲ. ನವೆಂಬರಿನಿಂದ ಜನವರಿಯವರೆಗಿನ ಕಾಲ ಪ್ರಶಸ್ತ. ಲೆಕ್ಕಪರಿಶೋಧನಾ ವರದಿಗಳ ಗಡುವು ಮುಗಿದು ಮಾರ್ಚ್ ತಿಂಗಳ ಧಾವಂತ ಇನ್ನೂ ಆರಂಭವಾಗಿರದ ಬಿಡುವೂ ಇದೇ ಆಗಿರುವುದು ನಮ್ಮ ಅದೃಷ್ಟ. ಪ್ರತಿ ತಿಂಗಳ 11 ಮತ್ತು 20ನೆಯ ತಾರೀಖಿನ ಜಿ.ಎಸ್.ಟಿ. ವಿವರಗಳನ್ನು ಸಲ್ಲಿಸಿಯೇ ಹೊರಡಿರಿ; ಬೆಟ್ಟದ ಮೇಲೆ ಮೊಬೈಲ್ ಸಂಕೇತವನ್ನು ನಂಬುವಂತಿಲ್ಲ. ಸಾಧ್ಯವಾದರೆ ಶನಿವಾರ ಭಾನುವಾರಗಳನ್ನು ಬಿಟ್ಟು, ನಿಮ್ಮ ಪೇಟೆಯ ವಾರದ ರಜೆಯ ದಿನ ಹೋಗಿರಿ; ಸ್ಥಳವೂ ಸುಲಭವಾಗಿ ಸಿಗುತ್ತದೆ, ದಾರಿಯೂ ಶಾಂತವಾಗಿರುತ್ತದೆ.

ಒಬ್ಬರಿಗೆ ಕನಿಷ್ಠ ಎರಡು ಲೀಟರು ನೀರು, ಹಿಡಿತವಿರುವ ಪಾದರಕ್ಷೆ, ಮಳೆಯಂಗಿ, ಕೈದೀಪ, ನಿತ್ಯದ ಔಷಧಿ, ಬುತ್ತಿ ಇವಿಷ್ಟು ಜೊತೆಯಲ್ಲಿರಲಿ. ಹೊಸ ಬೂಟುಗಳನ್ನು ಬೆಟ್ಟದಲ್ಲಿ ಮೊದಲ ಬಾರಿಗೆ ಧರಿಸಬೇಡಿ. ಇಂಬಳ ಕಚ್ಚಿದರೆ ಕಿತ್ತೆಳೆಯದೆ ಉಗುರಿನಿಂದ ಮೆಲ್ಲನೆ ಬಿಡಿಸಿ ಗಾಯವನ್ನು ತೊಳೆಯಿರಿ. ಕಾಟಿಗಳು ಕಂಡರೆ ಸದ್ದು ಮಾಡದೆ ನಿಂತು, ಮಾರ್ಗದರ್ಶಿ ಹೇಳಿದಂತೆ ನಡೆಯಿರಿ.

ಎಲ್ಲಕ್ಕಿಂತ ಮುಖ್ಯವಾದುದು ಹಿಂತಿರುಗುವ ಗಂಟೆ. ಷೇರುಪೇಟೆಯ ಅನುಭವವುಳ್ಳವರು ನಷ್ಟಕ್ಕೊಂದು ಮಿತಿ ಹಾಕಿಕೊಂಡು, ಅದು ಬಂದೊಡನೆ ಹೊರಬರುತ್ತಾರೆ. ಹಾಗೆಯೇ ಶಿಖರದ ದಾರಿಯಲ್ಲಿ ಮಧ್ಯಾಹ್ನ ಹನ್ನೆರಡೂವರೆಯಂತಹ ಒಂದು ಗಂಟೆಯನ್ನು ಬೆಳಿಗ್ಗೆಯೇ ನಿಗದಿ ಮಾಡಿಕೊಂಡು, ಆ ಹೊತ್ತಿಗೆ ಎಲ್ಲಿದ್ದರೂ ಹಿಂತಿರುಗಬೇಕು. ಇಷ್ಟು ದೂರ ಬಂದಿದ್ದೇವೆ, ಇನ್ನರ್ಧ ಗಂಟೆ ಎಂಬ ಲೆಕ್ಕವೇ ಅಪಾಯಕಾರಿ. ಆಗಿಹೋದ ಖರ್ಚನ್ನು ಮುಂದಿನ ತೀರ್ಮಾನಕ್ಕೆ ಆಧಾರ ಮಾಡಿಕೊಳ್ಳಬಾರದೆಂಬುದು ವ್ಯಾಪಾರದಲ್ಲಿ ಎಷ್ಟು ಸತ್ಯವೋ ಬೆಟ್ಟದಲ್ಲಿಯೂ ಅಷ್ಟೇ ಸತ್ಯ.

ಗುಂಪಿನಲ್ಲಿ ಹೋಗುವಾಗ

ನಾನಾ ವಯಸ್ಸಿನವರು ಒಟ್ಟಾಗಿ ಹೋಗುವಾಗ ಎಲ್ಲರನ್ನೂ ಒಂದೇ ಶಿಖರಕ್ಕೆ ಎಳೆದೊಯ್ಯುವುದು ತರವಲ್ಲ. ಕಳಸ ಅಥವಾ ಸಂಸೆಯಲ್ಲಿ ತಂಗಿ, ಒಂದು ತಂಡ ನೇತ್ರಾವತಿಗೆ, ಇನ್ನೊಂದು ಕುರಿಂಜಾಲಿಗೆ, ಹಿರಿಯರು ಹೊರನಾಡಿಗೆ ಹೋಗಿ ಸಂಜೆ ಒಂದೆಡೆ ಸೇರುವುದು ಲೇಸು. ಒಂದೇ ದಾರಿಯಲ್ಲಿ ನಡೆಯುವುದಾದರೆ ಅತಿ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಬೇಕು. ಅವರ ವೇಗವೇ ತಂಡದ ವೇಗ. ಅನುಭವಿಯೊಬ್ಬರು ಕೊನೆಯಲ್ಲಿರಬೇಕು.

ಕಾರ್ಖಾನೆಯ ನೌಕರರ ತಂಡವನ್ನು ಕರೆದೊಯ್ಯುವ ಮಾಲೀಕರಿಗೆ ಒಂದು ಮಾತು. ಸಂಸ್ಥೆಯ ಹೆಸರಿನಲ್ಲಿ ರಸೀದಿಗಳನ್ನು ಪಡೆದು ಹೋದವರ ಪಟ್ಟಿಯನ್ನಿಟ್ಟುಕೊಂಡರೆ ಅದನ್ನು ಸಿಬ್ಬಂದಿ ಕಲ್ಯಾಣ ವೆಚ್ಚವಾಗಿ ತೋರಿಸಬಹುದು. ಮಡದಿ ಮಕ್ಕಳೊಡನೆ ಹೋದ ಖರ್ಚು ಸ್ವಂತ ಖಾತೆಗೆ ಸೇರತಕ್ಕದ್ದು. ಎರಡನ್ನೂ ಬೆರೆಸಿದರೆ ಲೆಕ್ಕ ತಪಾಸಣೆಯ ಸಮಯದಲ್ಲಿ ಉತ್ತರ ಹೇಳಬೇಕಾಗುತ್ತದೆ.

ಮಿತಿಯ ಪ್ರಶ್ನೆ

ದಿನಕ್ಕೆ 300 ಜನರ ಮಿತಿಯಿಂದ ಸ್ಥಳೀಯ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಎಂಬ ದೂರು ವರ್ತಕ ವಲಯದಲ್ಲಿ ಕೇಳಿಬರುತ್ತದೆ. ಸಂಸೆ, ಕಳಸ, ಮುಳ್ಳೋಡಿಗಳಲ್ಲಿ ಮನೆತಂಗುದಾಣ, ಜೀಪು, ಊಟೋಪಚಾರ, ಮಾರ್ಗದರ್ಶನಗಳಿಂದ ಜೀವನ ಸಾಗಿಸುವ ಕುಟುಂಬಗಳಿವೆ. ಗಣಿ ಮುಚ್ಚಿದ ಬಳಿಕ ಈ ಸೀಮೆಗೆ ಉಳಿದ ಆದಾಯಗಳಲ್ಲಿ ಇದೂ ಒಂದು. ಅವರ ಕಷ್ಟವನ್ನು ಹಗುರವಾಗಿ ಕಾಣುವಂತಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಖಾಲಿ ಉಳಿಯುವ ಕೋಣೆಗೂ ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ.

ಆದರೂ ನನ್ನ ದೃಷ್ಟಿಯಲ್ಲಿ ಮಿತಿ ಇರಬೇಕಾದುದೇ. ತೆಳುವಾದ ಮಣ್ಣಿನ ಮೇಲೆ ನಿಂತ ಹುಲ್ಲು ಸಾವಿರ ಕಾಲುಗಳ ಕೆಳಗೆ ಸವೆದು ಕಾಲುದಾರಿ ಕೊರಕಲಾಗುತ್ತದೆ, ಕೊರಕಲು ಮಳೆಗೆ ತೋಡಾಗುತ್ತದೆ, ತೋಡಿನ ಮಣ್ಣು ಹೊಳೆ ಸೇರುತ್ತದೆ. ಗಣಿಯ ಹೂಳಿಗಾಗಿ ನಾಡು ನ್ಯಾಯಾಲಯದ ಮೆಟ್ಟಿಲೇರಿತು; ಅದೇ ಬೆಟ್ಟದಲ್ಲಿ ಪ್ರವಾಸದ ಹೂಳನ್ನು ಕಂಡೂ ಕಾಣದಂತಿರುವುದು ನ್ಯಾಯವಲ್ಲ. ಮಿತಿಯ ಪ್ರಮಾಣ ಎಷ್ಟಿರಬೇಕೆಂಬುದನ್ನು ತಜ್ಞರು ಚರ್ಚಿಸಲಿ. ಮಿತಿಯೊಳಗೇ ಆದಾಯ ಹೆಚ್ಚಿಸುವ ದಾರಿಗಳನ್ನು ಹುಡುಕುವುದು ವ್ಯಾಪಾರಸ್ಥರ ಕೆಲಸ. ವಾರದ ಮಧ್ಯದ ದಿನಗಳಿಗೆ ರಿಯಾಯಿತಿ ದರ, ಒಂದೇ ಶಿಖರಕ್ಕೆ ಮುಗಿಬೀಳುವವರಿಗೆ ಕುರಿಂಜಾಲು ಗಂಗಡಿಕಲ್ಲುಗಳ ಪರಿಚಯ, ಒಂದು ರಾತ್ರಿಯ ಬದಲು ಎರಡು ರಾತ್ರಿ ತಂಗುವಂತಹ ಯೋಜನೆ, ಮಲೆನಾಡಿನ ಕಾಫಿ, ಕಾಳುಮೆಣಸು, ಜೇನಿನ ಮಾರಾಟ ಇವೆಲ್ಲ ಸಾಧ್ಯ. ಗಿರಾಕಿಗಳ ಸಂಖ್ಯೆ ಹೆಚ್ಚಿಸಲಾಗದಿದ್ದಾಗ ಪ್ರತಿ ಗಿರಾಕಿಯಿಂದ ಬರುವ ಆದಾಯ ಹೆಚ್ಚಿಸುವುದು ವ್ಯಾಪಾರದ ಹಳೆಯ ಪಾಠ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ಸಾಲದ ವಿಷಯಕ್ಕೆ. ಕುದುರೆಮುಖದಲ್ಲಿ ಅದು ಚಾರಣಿಗನ ಕಾಲಿಗೂ ಬೆಟ್ಟದ ತಾಳಿಕೆಗೂ ಒಂದೇ ರೀತಿ ಅನ್ವಯಿಸುತ್ತದೆ. ನಮ್ಮ ಸಂಸ್ಥೆಯು ಪ್ರತಿ ವರ್ಷ ಏರ್ಪಡಿಸುವ ಪ್ರವಾಸದಲ್ಲಿ ಈ ಬಾರಿ ಒಂದು ದಿನವನ್ನು ಇಲ್ಲಿನ ನಡಿಗೆಗೆ ಮೀಸಲಿಡುವಂತೆ ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಮೊದಲ ವರ್ಷಕ್ಕೆ ಕುರಿಂಜಾಲು ಸಾಕು. ಆಸಕ್ತ ಸದಸ್ಯ ಬಾಂಧವರು ಇಂದಿನಿಂದಲೇ ಬೆಳಗಿನ ನಡಿಗೆಯನ್ನು ಆರಂಭಿಸಿದರೆ ಡಿಸೆಂಬರ್ ಹೊತ್ತಿಗೆ ಅವರ ಕಾಲುಗಳು ಸಿದ್ಧವಾಗಿರುತ್ತವೆ.